ದುಡ್ಡು ಕೊಟ್ಟದ್ದು ನೀವು, ಕೋಡ್ ಯಾರದು?

ಪ್ರಶ್ನೆ: ಶಿವಮೊಗ್ಗದಲ್ಲಿ ಏಳು ಮಂದಿಯ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇನೆ. ಅಡಿಕೆ ಮಂಡಿಗಳ ಲಾಟು (ಮಾರಾಟಕ್ಕಿಟ್ಟ ರಾಶಿ), ಪಟ್ಟಿ (ಮಾರಾಟದ ಬಿಲ್ಲು), ಮುಂಗಡದ ಬಡ್ಡಿ ಲೆಕ್ಕ ಮಾಡುವ ಸಾಫ್ಟ್‌ವೇರ್ ನಮ್ಮದು. ಮೊದಲ ಆವೃತ್ತಿಯನ್ನು ಪರಿಚಯದ ಹುಡುಗನೊಬ್ಬ ಮನೆಯಲ್ಲೇ ಕೂತು ಬರೆದುಕೊಟ್ಟ. ತಿಂಗಳಿಗೆ 40,000 ರೂಪಾಯಿಯಂತೆ 14 ತಿಂಗಳು ಕೊಟ್ಟಿದ್ದೇವೆ. ಕರಾರು ಮಾಡಿಕೊಂಡಿಲ್ಲ, ಎಲ್ಲ ವಾಟ್ಸ್ಆ್ಯಪ್ ಮಾತುಕತೆ. ಆಮೇಲೆ ಸಂಬಳಕ್ಕೆ ಸೇರಿದ ಎಂಜಿನಿಯರ್ ಅದೇ ಕೋಡನ್ನು ಬೆಳೆಸಿದ್ದಾರೆ. ಅವರ ನೇಮಕಾತಿ ಪತ್ರದಲ್ಲಿ ಬೌದ್ಧಿಕ ಆಸ್ತಿಯ ಮಾತೇ ಇಲ್ಲ. ಲೋಗೊ ಇನ್ನೊಬ್ಬ ಡಿಸೈನರ್ ಮಾಡಿದ್ದು. ಈಗ ಬೆಂಗಳೂರಿನ ಕಂಪನಿಯೊಂದು ಬಂಡವಾಳ ಹೂಡಲು ಮುಂದೆ ಬಂದಿದೆ. ‘ಕೋಡ್ ನಿಮ್ಮದೇ ಅನ್ನುವುದಕ್ಕೆ ಕಾಗದ ತೋರಿಸಿ’ ಎಂದು ಅವರ ವಕೀಲರು ಕೇಳುತ್ತಿದ್ದಾರೆ. ಹುಡುಗ ‘ಕೋಡ್ ನನ್ನದು, ಐದು ಲಕ್ಷ ಕೊಟ್ಟರೆ ಸಹಿ ಹಾಕುತ್ತೇನೆ’ ಎನ್ನುತ್ತಿದ್ದಾನೆ. ದುಡ್ಡು ಕೊಟ್ಟು ಮಾಡಿಸಿದ್ದೇವಲ್ಲ, ಅಷ್ಟು ಸಾಲದೇ?

ಉತ್ತರ: ಸಾಲದು. ಹುಡುಗ ಕೇಳುತ್ತಿರುವ ಮೊತ್ತ ನ್ಯಾಯವೋ ಅಲ್ಲವೋ ಬೇರೆ ಮಾತು. ಕೋಡ್ ತನ್ನದು ಎಂದು ಅವನು ಹೇಳುತ್ತಿರುವುದರಲ್ಲಿ ಕಾನೂನಿನ ಬಲ ಇದೆ.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಕತೆ, ಕವಿತೆಗಳ ಸಾಲಿಗೇ ಸೇರಿಸಿದೆ. ಅದರ ಲೆಕ್ಕದಲ್ಲಿ ಕೋಡ್ ಎಂದರೆ ‘ಸಾಹಿತ್ಯ ಕೃತಿ’. ಕಲಂ 17ರ ಪ್ರಕಾರ ಕೃತಿಯ ಮೊದಲ ಮಾಲೀಕ ಅದನ್ನು ಬರೆದವನು. ಬರೆಸಿದವನಲ್ಲ. ಇದಕ್ಕಿರುವ ದೊಡ್ಡ ವಿನಾಯಿತಿ ನೌಕರಿಯದು: ನೌಕರಿಯ ಅಥವಾ ಅಪ್ರೆಂಟಿಸ್ ಕರಾರಿನಡಿ, ಆ ಕೆಲಸದ ಭಾಗವಾಗಿಯೇ ಹುಟ್ಟಿದ ಕೃತಿಗೆ, ಬೇರೆ ಮಾತಾಗಿರದಿದ್ದರೆ, ಮಾಲೀಕ ಉದ್ಯೋಗದಾತ. ನಿಮ್ಮ ಎಂಜಿನಿಯರ್ ಬರೆದ ಕೋಡು ನೇಮಕಾತಿ ಪತ್ರ ಬಾಯಿ ಬಿಡದಿದ್ದರೂ ಕಂಪನಿಯದಾಗುವುದು ಹೀಗೆ. ಹುಡುಗ ಬರೆದದ್ದು ಹಾಗೆ ಆಗುವುದಿಲ್ಲ. ಅವನು ನಿಮಗೆ ಕೆಲಸ ಮಾಡಿಕೊಟ್ಟವನೇ ಹೊರತು ನಿಮ್ಮಲ್ಲಿ ಕೆಲಸಕ್ಕಿದ್ದವನಲ್ಲ.

ಜನ ಗೊಂದಲಕ್ಕೆ ಬೀಳಲು ಅದೇ ಕಲಮಿನಲ್ಲಿ ಇನ್ನೊಂದು ಕಾರಣವಿದೆ. ಫೋಟೊ, ವರ್ಣಚಿತ್ರ, ಭಾವಚಿತ್ರ, ಕೆತ್ತನೆ, ಸಿನಿಮಾ, ಇಷ್ಟಕ್ಕೆ ಮಾತ್ರ ದುಡ್ಡು ಕೊಟ್ಟು ಮಾಡಿಸಿದವನೇ ಮೊದಲ ಮಾಲೀಕ. ನಿಮ್ಮ ಬ್ರೋಷರಿಗೆ ಸ್ಟುಡಿಯೊದವರಿಂದ ತೆಗೆಸಿದ ಮಂಡಿಯ ಫೋಟೊ ಕಾಗದವಿಲ್ಲದೆಯೂ ನಿಮ್ಮದು. ಐದೂವರೆ ಲಕ್ಷಕ್ಕೂ ಮೇಲೆ ಸುರಿದು ಬರೆಸಿದ ಕೋಡ್ ನಿಮ್ಮದಲ್ಲ. ತರ್ಕ ಹುಡುಕಬೇಡಿ, ಕಾಯ್ದೆ ಇರುವುದು ಹಾಗೆ.

‘14 ತಿಂಗಳು ತಪ್ಪದೆ ಸಂಬಳದಂತೆ ಕೊಟ್ಟಿದ್ದೇವೆ, ಅವನೂ ನೌಕರನೇ’ ಎಂದು ವಾದಿಸಬಹುದೇ? ವಾದಿಸಬಹುದು. ಕಾಗದದ ಮೇಲೆ ಏನೆಂದು ಕರೆದಿದ್ದೀರಿ ಎಂಬುದಕ್ಕಿಂತ ಸಂಬಂಧ ನಿಜವಾಗಿ ಹೇಗಿತ್ತು ಎಂಬುದನ್ನೇ ನ್ಯಾಯಾಲಯ ನೋಡುತ್ತದೆ. ತುಂಡುಗೂಲಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳನ್ನೂ ಸುಪ್ರೀಂ ಕೋರ್ಟ್ 1973ರಲ್ಲಿ ನೌಕರರೆಂದೇ ಎಣಿಸಿತು. ಕೆಲಸ ಹೇಗೆ ಮಾಡಬೇಕೆಂದು ಹೇಳುವವರು ಯಾರು, ಸಲಕರಣೆ ಯಾರದು, ರಜೆ ಕೇಳಬೇಕಿತ್ತೇ, ಬೇರೆಯವರ ಕೆಲಸ ಹಿಡಿಯಲು ಅಡ್ಡಿಯಿತ್ತೇ, ನಷ್ಟದ ಭಾರ ಯಾರ ತಲೆ ಮೇಲೆ ಎಂಬ ಪ್ರಶ್ನೆಗಳು ಬರುತ್ತವೆ. ನಿಮ್ಮ ಹುಡುಗ ಸ್ವಂತ ಲ್ಯಾಪ್‌ಟಾಪಿನಲ್ಲಿ, ಸ್ವಂತ ಹೊತ್ತಿಗೆ, ಮನೆಯಿಂದ ಬರೆದಿದ್ದಾನೆ. ನೀವು ಪ್ರತಿ ತಿಂಗಳು ವೃತ್ತಿ ಶುಲ್ಕವೆಂದು ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಲೆಕ್ಕದ ಪುಸ್ತಕದಲ್ಲೂ ಹಾಗೇ ಬರೆದಿದ್ದರೆ ‘ಅವನು ನೌಕರ’ ಎಂಬ ನಿಮ್ಮ ಮಾತನ್ನು ನಿಮ್ಮ ಪುಸ್ತಕವೇ ಸುಳ್ಳು ಮಾಡುತ್ತದೆ. ಬಂಡವಾಳ ಹೂಡುವವರು ಇಂಥ ವಾದದ ಮೇಲೆ ಹಣ ಇಡುವುದೂ ಇಲ್ಲ. ಅವರಿಗೆ ಬೇಕಿರುವುದು ಸಹಿ ಇರುವ ಕಾಗದ.

ಹಾಗೆಂದು ನಿಮ್ಮ ಕೈ ಪೂರ್ತಿ ಖಾಲಿಯೂ ಅಲ್ಲ. ದುಡ್ಡು ಕೊಟ್ಟು ಮಾಡಿಸಿಕೊಂಡ ಪ್ರೋಗ್ರಾಮನ್ನು ನಿಮ್ಮ ಕೆಲಸಕ್ಕೆ ಬಳಸಲು ನಿಮಗೆ ಅನುಮತಿ ಇತ್ತೆಂದು ವಾಟ್ಸ್ಆ್ಯಪ್ ಸಂದೇಶ, ಬ್ಯಾಂಕ್ ಪಾವತಿಗಳಿಂದ ತೋರಿಸಬಹುದು. ಆ ಚಾಟನ್ನು ಈಗಲೇ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆದರೆ ನಿಮ್ಮ ವ್ಯಾಪಾರ ಅದನ್ನು ಬಳಸುವುದಲ್ಲ, ಮಂಡಿಗಳಿಗೆ ಮಾರುವುದು. ಪ್ರೋಗ್ರಾಮನ್ನು ಮಾರುವ, ಬಾಡಿಗೆಗೆ ಕೊಡುವ, ಬದಲಾಯಿಸುವ ಹಕ್ಕು ಕೃತಿಸ್ವಾಮ್ಯದ ಮಾಲೀಕನದು. ಎಂಜಿನಿಯರ್ ಸೇರಿಸಿದ ಹೊಸ ಭಾಗ ಕಂಪನಿಯದೇ ಆದರೂ ಅದು ಕೂತಿರುವುದು ಹುಡುಗನ ಕೋಡಿನ ಮೇಲೆ. ಇನ್ನೊಬ್ಬರ ಸೈಟಿನಲ್ಲಿ ಎದ್ದ ಮಹಡಿಯ ಹಾಗೆ.

ಆದ್ದರಿಂದ ಹುಡುಗನಿಂದ ಹಕ್ಕು ವರ್ಗಾವಣೆ ಪತ್ರ ಮಾಡಿಸಿಕೊಳ್ಳಬೇಕು. ಇಲ್ಲಿ ಎಡವುವವರೇ ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜಮೀನಿನ ವ್ಯವಹಾರದಲ್ಲಿ ಕ್ರಯದ ಕರಾರು ಬೇರೆ, ಕ್ರಯಪತ್ರ ಬೇರೆ ಎಂಬುದು ನಿಮಗೆ ಗೊತ್ತೇ ಇದೆ. ಮೊದಲನೆಯದು ಮುಂದೆ ಕೊಡುತ್ತೇನೆಂಬ ಮಾತು, ಎರಡನೆಯದು ಕೊಟ್ಟಾಯಿತೆಂಬ ಮಾತು. ಕೋಡಿಗೂ ಅದೇ ವ್ಯತ್ಯಾಸ. ‘ಹಕ್ಕುಗಳನ್ನು ವರ್ಗಾಯಿಸಲು ಒಪ್ಪುತ್ತೇನೆ’ ಎಂದು ಬರೆಸಿಕೊಂಡರೆ ನಿಮ್ಮ ಕೈಲಿರುವುದು ಕ್ರಯದ ಕರಾರು. ಕನ್ನಡದಲ್ಲಿ ಬರೆಸುವಾಗ ಇನ್ನೊಂದು ತೊಡಕಿದೆ: ‘ವರ್ಗಾಯಿಸುತ್ತೇನೆ’ ಎಂದರೆ ಇವತ್ತೂ ಆಗಬಹುದು, ಮುಂದಿನ ವರ್ಷವೂ ಆಗಬಹುದು. ನಮ್ಮ ಪತ್ರಬರಹಗಾರರು ಕ್ರಯಪತ್ರದಲ್ಲಿ ‘ಕೊಟ್ಟಿರುತ್ತೇನೆ’ ಎಂದು ಬರೆಯುವುದು ಸುಮ್ಮನೆ ಅಲ್ಲ. ಪತ್ರ ಯಾವ ಭಾಷೆಯಲ್ಲೇ ಇರಲಿ, ಅದರ ತಿರುಳು ಹೀಗಿರಬೇಕು:

‘ಷೆಡ್ಯೂಲಿನಲ್ಲಿ ವಿವರಿಸಿದ ಕೃತಿಗಳಲ್ಲಿ ನನಗಿರುವ ಸಮಸ್ತ ಕೃತಿಸ್ವಾಮ್ಯವನ್ನು, ಅಂದರೆ ನಕಲು ಮಾಡುವ, ಬದಲಾಯಿಸುವ, ಮಾರುವ, ಬಾಡಿಗೆಗೆ ಕೊಡುವ, ಇತರರಿಗೆ ಪರವಾನಗಿ ನೀಡುವ ಹಕ್ಕುಗಳನ್ನು, ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಿಗೆ ಅನ್ವಯಿಸುವಂತೆ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಈ ಪತ್ರದ ಮೂಲಕ ಕಂಪನಿಗೆ ವರ್ಗಾಯಿಸಿರುತ್ತೇನೆ. ಇದರ ಪ್ರತಿಫಲವಾಗಿ ಇಷ್ಟು ರೂಪಾಯಿಯನ್ನು ಬ್ಯಾಂಕ್ ಮೂಲಕ ಪಡೆದಿರುತ್ತೇನೆ. ಬೇರೆ ರಾಯಲ್ಟಿ ಸಲ್ಲತಕ್ಕದ್ದಲ್ಲ. ಕಂಪನಿಯು ಈ ಹಕ್ಕುಗಳನ್ನು ಒಂದು ವರ್ಷದೊಳಗೆ ಚಲಾಯಿಸದಿದ್ದರೂ ಈ ವರ್ಗಾವಣೆ ರದ್ದಾಗತಕ್ಕದ್ದಲ್ಲ.’

ಇದರಲ್ಲಿ ಒಂದು ಪದವೂ ಅಲಂಕಾರಕ್ಕಿಲ್ಲ. ಕಲಂ 19 ಬರಹವನ್ನೂ ಕೊಡುವವನ ಸಹಿಯನ್ನೂ ಕೇಳುತ್ತದೆ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂಬುದು ಬರಹದಲ್ಲಿ ಇರಬೇಕು. ಕಾಲ ಬರೆಯದಿದ್ದರೆ ವರ್ಗಾವಣೆ ಐದು ವರ್ಷಕ್ಕಷ್ಟೇ ಎಂದು ಕಾಯ್ದೆ ಭಾವಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ‘ಎಲ್ಲ ಹಕ್ಕುಗಳು ಕಂಪನಿಗೆ ಸೇರಿವೆ’ ಎಂಬ ಒಂದೇ ಸಾಲಿನ ಪತ್ರ ಆರನೇ ವರ್ಷಕ್ಕೆ ಕೈಕೊಡುವುದು ಹೀಗೆಯೇ. ಒಂದು ವರ್ಷದ ಮಾತು ಇನ್ನೂ ಅಪಾಯದ್ದು: ಪಡೆದವರು ವರ್ಷದೊಳಗೆ ಹಕ್ಕು ಬಳಸದಿದ್ದರೆ, ಪತ್ರದಲ್ಲಿ ಬೇರೆ ಹೇಳಿರದಿದ್ದರೆ, ಬಳಸದ ಹಕ್ಕಿನ ಮಟ್ಟಿಗೆ ವರ್ಗಾವಣೆ ಬಿದ್ದುಹೋಗುತ್ತದೆ. ಅರ್ಧ ಬರೆಸಿ ಮೂಲೆಗಿಟ್ಟ ಮೊಬೈಲ್ ಆ್ಯಪಿನಂಥ ಕೋಡ್ ನಿಮ್ಮಲ್ಲಿ ಏನಾದರೂ ಇದೆಯೇ? ಆ ಸಾಲು ಇಲ್ಲದಿದ್ದರೆ ಮೊದಲು ಕೈ ಬಿಡುವುದು ಅಂಥದ್ದೇ.

ಷೆಡ್ಯೂಲು ಎಂದರೆ ಕೋಡಿನ ಚಕ್ಕುಬಂದಿ. ರೆಪೊಸಿಟರಿಯ (ಕೋಡ್ ಕೂಡಿಟ್ಟ ಕಣಜ) ಹೆಸರು, ಮೊದಲ ಮತ್ತು ಕೊನೆಯ ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಗುರುತುಸಂಖ್ಯೆ ಮತ್ತು ದಿನಾಂಕ, ಡೇಟಾಬೇಸ್ ರಚನೆ, ಪಟ್ಟಿ ಮುದ್ರಿಸುವ ಟೆಂಪ್ಲೇಟುಗಳು, ಬಳಕೆದಾರರ ಕೈಪಿಡಿ, ಪರೀಕ್ಷೆಗೆ ಬರೆದ ಸ್ಕ್ರಿಪ್ಟುಗಳು, ವಾಟ್ಸ್ಆ್ಯಪಿನಲ್ಲಿ ಕಳಿಸಿದ ಬಿಡಿ ಫೈಲುಗಳು, ಎಲ್ಲ ಬರಲಿ. ಕೊನೆಗೆ ‘ಮೇಲಿನವುಗಳಲ್ಲದೆ ಇಂಥ ದಿನದಿಂದ ಇಂಥ ದಿನದವರೆಗೆ ಕಂಪನಿಗಾಗಿ ತಯಾರಿಸಿದ ಇತರ ಎಲ್ಲವೂ’ ಎಂಬ ಸಾಲು ಸೇರಿಸಿ. ಹುಡುಗ ತನ್ನ ಹಳೆಯ ಲೈಬ್ರರಿ (ಮೊದಲೇ ಬರೆದಿಟ್ಟುಕೊಂಡ ಸಿದ್ಧ ಕೋಡು) ಏನಾದರೂ ಇದರಲ್ಲಿ ಬಳಸಿದ್ದರೆ ಅದನ್ನು ಬೇರೆ ಪಟ್ಟಿ ಮಾಡಿ, ಅದರ ಮಾಲೀಕತ್ವ ಅವನಲ್ಲೇ ಬಿಡಿ. ಅದಕ್ಕೆ ರದ್ದುಮಾಡಲಾಗದ, ರಾಯಲ್ಟಿ ಇಲ್ಲದ, ಗ್ರಾಹಕರಿಗೂ ದಾಟಿಸಬಹುದಾದ ಪರವಾನಗಿ ಸಾಕು. ಇನ್ನೊಬ್ಬನ ಇಡೀ ಬುಟ್ಟಿಯನ್ನೇ ಬರೆಸಿಕೊಳ್ಳಲು ಹೋದರೆ ಸಹಿ ತಡವಾಗುತ್ತದೆ, ಅಷ್ಟೇ.

ಹಣದ ವಿಷಯ. ಕೊಟ್ಟ 5,60,000 ರೂಪಾಯಿ ಕೆಲಸದ ಕೂಲಿಯಾಗಿತ್ತು. ಹಕ್ಕಿಗಾಗಿ ಈಗ ಹೊಸದಾಗಿ ಒಂದಿಷ್ಟು ಕೊಡಿ. ಒಂದು ರೂಪಾಯಿ ಎಂದು ಬರೆಯುವ ಚಾಳಿ ಬೇಡ, ಮುಂದೆ ‘ಒತ್ತಾಯದಿಂದ ಸಹಿ ಹಾಕಿಸಿಕೊಂಡರು’ ಎನ್ನಲು ಅದೇ ದಾರಿಯಾಗುತ್ತದೆ. ಐದು ಲಕ್ಷ ದೊಡ್ಡದೆನಿಸಿದರೆ ಅದೇ ಕೋಡನ್ನು ಹೊಸದಾಗಿ ಬರೆಸಲು ಎಷ್ಟು ತಿಂಗಳು, ಎಷ್ಟು ಸಂಬಳ ಎಂದು ಲೆಕ್ಕ ಹಾಕಿ. ನಿಮ್ಮ ಚೌಕಾಸಿಗೆ ಅದೇ ಮೇಲಿನ ಮಿತಿ. ನನ್ನ ಅಂದಾಜಿಗೆ ಒಂದು ಭಾಗವನ್ನು ಸಹಿಯ ದಿನ, ಉಳಿದದ್ದನ್ನು ಬಂಡವಾಳ ಬಂದ ಮೇಲೆ ಎಂದರೆ ಇಬ್ಬರಿಗೂ ಹಗುರ. ಆದರೆ ಹಕ್ಕು ಮಾತ್ರ ಸಹಿಯ ದಿನವೇ ದಾಟಬೇಕು. ಬಾಕಿ ಹಣ ಬರೀ ಸಾಲವಾಗಿ ಉಳಿಯಲಿ. ‘ಪೂರ್ತಿ ಹಣ ಬಂದ ಮೇಲೆ ಹಕ್ಕು’ ಎಂದು ಬರೆದರೆ ಹೂಡಿಕೆದಾರರ ಮುಂದೆ ಮತ್ತೆ ಅದೇ ಪ್ರಶ್ನೆ ಎದ್ದು ನಿಲ್ಲುತ್ತದೆ. (ಇದನ್ನು ಓದುತ್ತಿರುವ ಫ್ರೀಲ್ಯಾನ್ಸರ್‌ಗಳಿಗೆ ನನ್ನ ಸಲಹೆ ತಿರುವುಮುರುವು: ಹಣ ಪೂರ್ತಿ ಸಂದಾಯವಾದಾಗಲೇ ಹಕ್ಕು ದಾಟುತ್ತದೆ ಎಂದು ಬರೆಸಿಕೊಳ್ಳಿ. ನಿಮ್ಮ ಬಿಲ್ಲಿಗೆ ಅದಕ್ಕಿಂತ ಒಳ್ಳೆಯ ಜಾಮೀನು ಇನ್ನೊಂದಿಲ್ಲ.)

ಪತ್ರಕ್ಕೆ ಇಂದಿನ ದಿನಾಂಕವನ್ನೇ ಹಾಕಿ. ಎರಡು ವರ್ಷ ಹಳೆಯ ಸ್ಟಾಂಪ್ ಪೇಪರ್ ಹುಡುಕಿ ತಂದು ಹಿಂದಿನ ತಾರೀಕು ಹಾಕುವ ‘ಉಪಾಯ’ ಯಾರಾದರೂ ಹೇಳಿದರೆ ಅವರನ್ನು ದೂರವಿಡಿ. ಇಲ್ಲದ ತಲೆನೋವನ್ನು ಕ್ರಿಮಿನಲ್ ಕೇಸಾಗಿ ಮಾಡಿಕೊಂಡಂತೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಿಲ್ಲ. ಮುದ್ರಾಂಕ ಶುಲ್ಕ ಎಷ್ಟೆಂದು ಮಾತ್ರ ವಕೀಲರಿಂದ ಖಚಿತಪಡಿಸಿಕೊಳ್ಳಿ, ಮುದ್ರಾಂಕ ಕಡಿಮೆಯಿದ್ದರೆ ಬಾಕಿ ಮತ್ತು ದಂಡ ಕಟ್ಟುವವರೆಗೆ ನ್ಯಾಯಾಲಯ ಆ ಕಾಗದವನ್ನು ಸಾಕ್ಷ್ಯವಾಗಿ ಮುಟ್ಟುವುದಿಲ್ಲ. ಹುಡುಗ ಬೇರೆ ಊರಿನಲ್ಲಿದ್ದರೆ ಆಧಾರ್ ಇ-ಸೈನ್ ಸಾಕು. ‘ಓಕೆ ಸರ್, ಕೋಡ್ ನಿಮ್ದೇ’ ಎಂಬ ವಾಟ್ಸ್ಆ್ಯಪ್ ಸಂದೇಶ ಸಹಿಯ ಬದಲಿಗೆ ನಿಲ್ಲುತ್ತದೆಂದು ನಂಬಬೇಡಿ.

ಅಮೆರಿಕದ ಮಾದರಿ ಕರಾರನ್ನು ಇಳಿಸಿಕೊಂಡು ‘ವರ್ಕ್ ಮೇಡ್ ಫಾರ್ ಹೈರ್’ (ಮಾಡಿಸಿದವರಿಗೇ ಸೇರುವ ಕೃತಿ) ಎಂದು ಬರೆದುಬಿಡುವ ಅಭ್ಯಾಸ ನಮ್ಮ ಸ್ಟಾರ್ಟಪ್‌ಗಳಲ್ಲಿ ಬಹಳ. ಅದು ಅಲ್ಲಿನ ಕಾಯ್ದೆಯ ಪರಿಕಲ್ಪನೆ. ಅಲ್ಲಿಯೂ ಹೊರಗಿನವರು ಬರೆದದ್ದು ಕೆಲವೇ ಬಗೆಯ ಕೃತಿಗಳಿಗೆ ಮಾತ್ರ ಹಾಗಾಗುತ್ತದೆ. ನಮ್ಮ ಕಲಂ 17ರಲ್ಲಿ ಆ ಮಾತೇ ಇಲ್ಲ. ಅದರ ಜೊತೆಗೆ ನೇರ ವರ್ಗಾವಣೆಯ ಸಾಲು ಇದ್ದರೆ ಬಚಾವ್.

ಈಗ ನಿಮ್ಮ ಎಂಜಿನಿಯರ್. ಅವರ ಕೋಡು ಕಂಪನಿಯದು ಎಂದೆ, ಆದರೆ ‘ಕೆಲಸದ ಭಾಗವಾಗಿ’ ಎಂಬಲ್ಲೇ ಜಗಳ ಹುಟ್ಟುವುದು. ನೇಮಕಾತಿ ಪತ್ರದಲ್ಲಿ ‘ಕಸ್ಟಮರ್ ಸಪೋರ್ಟ್’ ಎಂದಿದ್ದು ಅವರು ಬರೆಯುತ್ತಿರುವುದು ಕೋಡಾದರೆ ಹುದ್ದೆಯ ವಿವರಣೆ ಇಂದೇ ತಿದ್ದಿ. ಸೇರುವ ಮೊದಲೇ ಬರೆದಿಟ್ಟದ್ದು ಅವರದೇ. ಮಲಯಾಳದ ಬೋಬನ್ ಮತ್ತು ಮೋಳಿ ಪಾತ್ರಗಳ ಬಗ್ಗೆ ವ್ಯಂಗ್ಯಚಿತ್ರಕಾರ ಟಾಮ್ಸ್ ಮತ್ತು ಮಲಯಾಳ ಮನೋರಮಾ ನಡುವಿನ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟ್ 1980ರ ದಶಕದಲ್ಲಿ ಹೇಳಿದ್ದೂ ಇದನ್ನೇ: ಪಾತ್ರಗಳು ನೌಕರಿಗೆ ಮೊದಲೇ ಹುಟ್ಟಿದ್ದವು, ಹಾಗಾಗಿ ನೌಕರಿ ಬಿಟ್ಟ ಮೇಲೆ ಅವನ್ನು ಬರೆಯದಂತೆ ಚಿತ್ರಕಾರನನ್ನು ತಡೆಯುವಂತಿಲ್ಲ.

ಪೇಟೆಂಟಿನ ವಿಷಯದಲ್ಲಿ ನೌಕರಿಯ ರಕ್ಷಣೆಯೂ ಇಲ್ಲ. 1970ರ ಪೇಟೆಂಟ್ ಕಾಯ್ದೆಯಲ್ಲಿ ‘ನೌಕರನ ಆವಿಷ್ಕಾರ ಉದ್ಯೋಗದಾತನದು’ ಎಂಬ ಕಲಮೇ ಇಲ್ಲ. ಹಕ್ಕು ಮೊದಲು ಆವಿಷ್ಕಾರ ಮಾಡಿದವರದು. ಬರಹದ ವರ್ಗಾವಣೆಯಿಂದ ಮಾತ್ರ ಕಂಪನಿಗೆ ಬರುತ್ತದೆ. ಅರ್ಜಿ ಸಲ್ಲಿಸಿದ ಆರು ತಿಂಗಳೊಳಗೆ ಆ ಹಕ್ಕಿನ ಪುರಾವೆ ಕೊಡಬೇಕು. ಅಷ್ಟರಲ್ಲಿ ಎಂಜಿನಿಯರ್ ಕೆಲಸ ಬಿಟ್ಟು ಫೋನ್ ಎತ್ತದಿದ್ದರೆ ಪರದಾಟ. ನಾಳೆ ನೀವು ಅಡಿಕೆ ವಿಂಗಡಿಸುವ ಯಂತ್ರಕ್ಕೆ ಕೈ ಹಾಕಿದರೆ ಇದು ತಟ್ಟುತ್ತದೆ. ಆದ್ದರಿಂದ ಎಲ್ಲ ನೌಕರರಿಂದಲೂ ಎರಡು ಪುಟದ ಪೂರಕ ಪತ್ರ ಪಡೆಯಿರಿ: ಈವರೆಗಿನ ಮತ್ತು ಮುಂದಿನ ಕೃತಿಗಳ ವರ್ಗಾವಣೆ, ಆವಿಷ್ಕಾರಗಳ ವರ್ಗಾವಣೆ, ಕೆಲಸ ಬಿಟ್ಟ ಮೇಲೂ ಅರ್ಜಿಗಳಿಗೆ ಸಹಿ ಹಾಕುವ ಮಾತು, ಗುಟ್ಟು ಕಾಯುವ ಮಾತು. ‘ಬಿಟ್ಟ ಮೇಲೆ ಎರಡು ವರ್ಷ ಬೇರೆ ಮಂಡಿ ಸಾಫ್ಟ್‌ವೇರ್ ಕಂಪನಿ ಸೇರಬಾರದು’ ಎಂದು ತುರುಕಬೇಡಿ. ಕರಾರು ಕಾಯ್ದೆಯ ಕಲಂ 27ರ ಮುಂದೆ ಅದು ನಿಲ್ಲುವುದಿಲ್ಲ, ಸಹಿ ಹಾಕುವವರ ಮನಸ್ಸು ಮಾತ್ರ ಕೆಡುತ್ತದೆ. ಇಂಟರ್ನ್‌ಗಳಿಂದಲೂ ಇದೇ ಪತ್ರ ಪಡೆಯಿರಿ. 18 ತುಂಬದವರ ಸಹಿಗೆ ಬೆಲೆಯಿಲ್ಲ.

ಲೋಗೊ ‘ವರ್ಣಚಿತ್ರ’ದ ವಿನಾಯಿತಿಯೊಳಗೆ ಬರುತ್ತದೆಂದು ಎಳೆದಾಡಬಹುದು, ಆದರೆ ಒಂದು ಪುಟದ ವರ್ಗಾವಣೆ ಪತ್ರಕ್ಕೆ ಡಿಸೈನರ್ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಟ್ರೇಡ್‌ಮಾರ್ಕ್ ಅರ್ಜಿ ಹಾಕುವ ಮೊದಲೇ ಮುಗಿಸಿ.

ನೀವು ಕೇಳದ ಇನ್ನೊಂದು ಪ್ರಶ್ನೆಯನ್ನು ವಕೀಲರು ಕೇಳಿಯೇ ಕೇಳುತ್ತಾರೆ: ನಿಮ್ಮ ಪಾಲು ಯಾರದು? ಬಡ್ಡಿ ಲೆಕ್ಕದ ಮೊದಲ ಎಕ್ಸೆಲ್ ಶೀಟು, ಪರದೆಗಳ ನಕ್ಷೆ, ಕೈಪಿಡಿಯ ಬರಹ ನಿಮ್ಮದೇ ಇರಬಹುದು. ಕಂಪನಿ ನೋಂದಣಿಗೆ ಮೊದಲು ಬರೆದದ್ದು ನಿಮ್ಮ ಸ್ವಂತದ್ದು. ಆಮೇಲಿನದೂ ತನ್ನಿಂತಾನೇ ಕಂಪನಿಯದಾಗದು, ಏಕೆಂದರೆ ನಿರ್ದೇಶಕರೆಲ್ಲ ನೌಕರರಲ್ಲ. ನಿರ್ದೇಶಕಿಯೊಬ್ಬರು ಬರೆದ ಪುಸ್ತಕಗಳ ವ್ಯಾಜ್ಯದಲ್ಲಿ, ಬರೆಯುವುದು ಅವರ ನೌಕರಿಯ ಕರ್ತವ್ಯವಾಗಿತ್ತೆಂದು ತೋರಿಸಲಾಗದ ಕಂಪನಿಗೆ ದೆಹಲಿ ಹೈಕೋರ್ಟ್ 2016ರಲ್ಲಿ ಹಕ್ಕು ಕೊಡಲಿಲ್ಲ. ನೀವೂ ನಿಮ್ಮ ಕಂಪನಿಗೆ ಒಂದು ವರ್ಗಾವಣೆ ಪತ್ರ ಬರೆದುಕೊಡಿ, ಆಡಳಿತ ಮಂಡಳಿಯ ನಿರ್ಣಯವನ್ನೂ ಜೊತೆಗಿಡಿ.

ಹುಡುಗನೊಂದಿಗೆ ಮಾತಿಗೆ ಕೂರುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ಒಂದು, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಶಾರ್ಟ್‌ಲಾಗ್ ಆದೇಶ ಕೊಟ್ಟು ಯಾರ ಹೆಸರಿನಲ್ಲಿ ಎಷ್ಟು ಕಮಿಟ್ ಇವೆ ನೋಡಿ. ಹೂಡಿಕೆದಾರರ ಕಡೆಯವರೂ ಅದನ್ನೇ ತೆಗೆದು ಪ್ರತಿ ಹೆಸರಿನ ಮುಂದೆ ಒಂದು ಕಾಗದ ಹುಡುಕುತ್ತಾರೆ. ಎರಡು ವಾರ ಬಂದು ಹೋದ ಮೂರನೆಯವರೊಬ್ಬರು ಅಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಎರಡು, ಡೊಮೇನ್, ಕ್ಲೌಡ್ ಸರ್ವರ್, ಪ್ಲೇ ಸ್ಟೋರ್ ಖಾತೆ ಯಾರ ಇಮೇಲಿನಲ್ಲಿವೆ ಎಂದು ನೋಡಿ. ಹುಡುಗನದ್ದಾಗಿದ್ದರೆ ಅವುಗಳ ಹಸ್ತಾಂತರವೂ ಅದೇ ಪತ್ರದಲ್ಲಿ ಬರಲಿ, ಕೊನೆಯ ಕಂತು ಅದಕ್ಕೆ ಗಂಟುಬಿದ್ದಿರಲಿ. ಅವನ ಹೆಸರನ್ನು ‘ಮೂಲ ವಿನ್ಯಾಸ’ ಎಂದು ಸಾಫ್ಟ್‌ವೇರಿನ ಪರಿಚಯ ಪುಟದಲ್ಲಿ ಹಾಕುವ ಮಾತನ್ನೂ ಕೊಡಿ. ಹಕ್ಕು ಮಾರಿದ ಮೇಲೂ ತಾನೇ ಕರ್ತೃ ಎಂದು ಹೇಳಿಕೊಳ್ಳುವ ಹಕ್ಕನ್ನು ಕಲಂ 57 ಅವನಿಗೆ ಉಳಿಸಿಯೇ ಇದೆ. ನಿಮಗೆ ಖರ್ಚಿಲ್ಲದ ಈ ಮಾತು ಎಷ್ಟೋ ಸಲ ಲಕ್ಷ ರೂಪಾಯಿಯ ಅಂತರವನ್ನು ಇಳಿಸುತ್ತದೆ.

ಪತ್ರ ಆದ ಮೇಲೆ ಬೇಕಿದ್ದರೆ ಕೃತಿಸ್ವಾಮ್ಯ ನೋಂದಣಿ ಮಾಡಿಸಿ. ಕಡ್ಡಾಯವಲ್ಲ, ಆದರೆ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಸೋರ್ಸ್ ಕೋಡಿನ ಮೊದಲ 10 ಮತ್ತು ಕೊನೆಯ 10 ಪುಟ ಕೊಡಬೇಕು, ಆಕ್ಷೇಪಣೆಗೆ 30 ದಿನ ಕಾಯಬೇಕು. ಬರೆದವನೂ ಅರ್ಜಿದಾರನೂ ಬೇರೆಯಾದರೆ ಬರೆದವನ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಹುಡುಗನಿಂದ ಸಹಿ ಪಡೆಯುವ ದಿನವೇ ಅದನ್ನೂ ಪಡೆದುಬಿಡಿ.

ಅವನು ಒಪ್ಪದೇ ಹೋದರೆ? ಜಂಟಿ ಮಾಲೀಕತ್ವಕ್ಕೆ ಮಾತ್ರ ಹೋಗಬೇಡಿ, ಪ್ರತಿ ಪರವಾನಗಿಗೂ ಅವನ ಒಪ್ಪಿಗೆಗೆ ಕಾಯುವ ಸ್ಥಿತಿ ಬರಬಹುದು. ಮಾಲೀಕತ್ವ ಅವನಲ್ಲೇ ಇದ್ದು ಕಂಪನಿಗೆ ಮಾತ್ರ ಮೀಸಲಾದ ಪರವಾನಗಿ ಪಡೆಯುವುದು ಮುಂದಿನ ದಾರಿ. ಅದಕ್ಕೂ ಬರಹ ಬೇಕು, ಕಾಲ ಮತ್ತು ಪ್ರದೇಶ ಬರೆಯದಿದ್ದರೆ ಅದೇ ಐದು ವರ್ಷ, ಅದೇ ಭಾರತ. ಕೊನೆಯ ದಾರಿ ಹೊಸದಾಗಿ ಬರೆಸುವುದು. ಹಳೆಯ ಕೋಡು ನೋಡಿರುವ ನಿಮ್ಮ ಈಗಿನ ಎಂಜಿನಿಯರ್ ಅದನ್ನು ಬರೆಯಬಾರದು. ಅವರು ಸಾಫ್ಟ್‌ವೇರ್ ಏನು ಮಾಡಬೇಕೆಂಬ ವಿವರಣೆಯನ್ನಷ್ಟೇ ಬರೆದುಕೊಡಲಿ. ಹಳೆಯ ರೆಪೊಸಿಟರಿ ಮುಟ್ಟದ ಇಬ್ಬರು ಹೊಸಬರು, ಸಹಿ ಹಾಕಿದ ಕರಾರಿನೊಂದಿಗೆ, ಖಾಲಿ ಫೋಲ್ಡರಿನಿಂದ ಶುರುಮಾಡಲಿ. ಲಾಟು ಹೇಗೆ ವಿಂಗಡಿಸಬೇಕು, ಪಟ್ಟಿ ಹೇಗೆ ಕೂಡಬೇಕು ಎಂಬ ಆಲೋಚನೆಗೆ ಕೃತಿಸ್ವಾಮ್ಯವಿಲ್ಲ, ಅವನು ಬರೆದ ಸಾಲುಗಳಿಗಷ್ಟೇ ಇದೆ. ಈ ಕೆಲಸವನ್ನು ಏಜೆನ್ಸಿಗೆ ಕೊಟ್ಟರೆ ಏಜೆನ್ಸಿ ನಿಮಗೆ ಬರೆದುಕೊಡುವುದಷ್ಟೇ ಸಾಲದು. ಅದರ ಅಡಿಯಲ್ಲಿ ಫ್ರೀಲ್ಯಾನ್ಸರ್‌ಗಳಿದ್ದರೆ ಅವರು ಏಜೆನ್ಸಿಗೆ ಬರೆದುಕೊಟ್ಟ ಪತ್ರದ ಪ್ರತಿಯನ್ನೂ ಕೇಳಿ ಪಡೆಯಿರಿ.

ಅಷ್ಟರಲ್ಲಿ ಹೂಡಿಕೆಯ ಕರಾರು ಮೇಜಿನ ಮೇಲೆ ಬಂದರೆ ಅದರಲ್ಲಿ ‘ಎಲ್ಲ ಬೌದ್ಧಿಕ ಆಸ್ತಿ ಕಂಪನಿಯದೇ’ ಎಂಬ ಭರವಸೆಯ ಕಲಂ ಇದ್ದೇ ಇರುತ್ತದೆ, ಅದು ಸುಳ್ಳಾದರೆ ನಷ್ಟ ತುಂಬಿಕೊಡಬೇಕಾದವರಲ್ಲಿ ಬಹುತೇಕ ನಿಮ್ಮ ಸ್ವಂತ ಹೆಸರೂ ಇರುತ್ತದೆ. ಹುಡುಗನ ಸಹಿ ಆಗುವ ಮುನ್ನ ಅದಕ್ಕೆ ಸಹಿ ಹಾಕಬೇಕಾಗಿ ಬಂದರೆ ಮೊದಲ ಆವೃತ್ತಿಯ ವಿಷಯವನ್ನು ಆ ಕರಾರಿನ ಪ್ರಕಟಣಾ ಪತ್ರದಲ್ಲಿ (ಭರವಸೆಗೆ ಹೊರತಾದದ್ದನ್ನು ಮೊದಲೇ ತಿಳಿಸುವ ಕಾಗದ) ಇದ್ದದ್ದು ಇದ್ದಂತೆ ಬರೆಸಿ, ಆಮೇಲೆ ಸಹಿ ಹಾಕಿ.